ಬಲೂಚಿಗೂ ಮಲಯಾಳಂಗೂ ನಂಟಿದೆಯೇ?

ಪ್ರಶ್ನೆ: ಬಲೂಚಿಸ್ತಾನದಲ್ಲಿ ದ್ರಾವಿಡ ಭಾಷೆ ಆಡುತ್ತಾರಂತೆ. ಹಾಗಾದರೆ ಬಲೂಚಿ ಮತ್ತು ಮಲಯಾಳಂ ಒಂದೇ ಬಳಗದವೇ?

ಉತ್ತರ: ಅಲ್ಲ. ನೀವು ಕೇಳಿದ್ದು ಬ್ರಾಹುಯಿ ಭಾಷೆಯ ಸಂಗತಿ ಇರಬೇಕು. ಬಲೂಚಿ, ಬ್ರಾಹುಯಿ ಆಡುವವರದು ಒಂದೇ ಸೀಮೆಯಾದ್ದರಿಂದ ಈ ಗೊಂದಲ ಸಹಜ. ಬಲೂಚಿ ಇರಾನಿ ಗುಂಪಿನದು, ಪಾರ್ಸಿ-ಕುರ್ದಿಗಳ ದಾಯಾದಿ. ಬಲೂಚಿಯವರಿಗೆ ಕೈ ಎಂದರೆ ‘ದಸ್ತ್’. ಮಲಯಾಳಿಗೆ ನಮ್ಮ ಹಾಗೆ ‘ಕೈ’ಯೇ. ಇವೆರಡರಲ್ಲೂ ಕಿವಿಗೆ ಬೀಳುವ ‘ಕಿತಾಬ್’ನಂಥ ಪದಗಳು ಅರಬ್ಬಿಯ ಕೊಡುಗೆ, ರಕ್ತಸಂಬಂಧವಲ್ಲ.

ಬಲೂಚಿಸ್ತಾನದ ಕಲಾತ್ ಸುತ್ತಮುತ್ತಲಿನ ಬ್ರಾಹುಯಿ ಮಾತ್ರ ಅಪ್ಪಟ ದ್ರಾವಿಡ ಬೇರಿನದು. ಕಣ್ಣಿಗೆ ‘ಖನ್’, ಎರಡಕ್ಕೆ ‘ಇರಟ್’, ಮೂರಕ್ಕೆ ‘ಮುಸಿಟ್’. ನಾಲ್ಕಕ್ಕೆ ಬಂದರೆ, ನೋಡಿ, ‘ಚಾರ್’! ಅಲ್ಲಿಂದ ಮುಂದಿನ ಲೆಕ್ಕವೆಲ್ಲ ನೆರೆಯವರಿಂದ ತಂದ ಕಡ. ಬ್ರಾಹುಯಿ, ಬಲೂಚಿ ಎರಡೂ ಆಡುವ ಮನೆಗಳು ಅಲ್ಲಿ ಬೇಕಾದಷ್ಟಿವೆ.