ಉಸುಕಿನ ಸೀಮೆಯ ಕಾರಿಗೆ ಎಂಥ ಏರ್ ಫಿಲ್ಟರ್?

ಆಷಾಢ ಹುಟ್ಟಿತೆಂದರೆ ನಮ್ಮ ರಾಯದುರ್ಗ ಸೀಮೆಯಲ್ಲಿ ಗಾಳಿಯದೇ ಕಾರುಬಾರು. ಬೊಮ್ಮನಹಾಳ್, ಕಣೇಕಲ್ ಕಡೆ ಹಗರಿ ಹೊಳೆಯ ಉಸುಕು ಎದ್ದು ಹೊಲಕ್ಕೆ ನುಗ್ಗುತ್ತದೆ. ದರ್ಗಾ ಹೊನ್ನೂರಿನ ಬಳಿ ಅದು ದಿಬ್ಬಗಳಾಗಿಯೇ ನಿಂತಿದೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ನಾವು ಹೇಗೋ ದಾಟುತ್ತೇವೆ. ಕಾರಿನ ಇಂಜಿನ್ನಿಗೆ ಏರ್ ಫಿಲ್ಟರೇ ಟವೆಲ್ಲು.

ತೆಲುಗಿನಲ್ಲಿ ಗಾಳಿಗೆ ‘ಗಾಲಿ’ ಅಂತಾರೆ. ಕನ್ನಡದಲ್ಲಿ ಗಾಲಿ ಅಂದರೆ ಚಕ್ರ. ಎರಡೂ ಭಾಷೆ ಆಡುವ ನಮ್ಮಂಥವರಿಗೆ ಇದೊಂದು ತಮಾಷೆ. ಕಾರಿನ ಮಟ್ಟಿಗಂತೂ ಆ ಗಾಲಿ ಒಳಗೆ ಹೋಗದೆ ಈ ಗಾಲಿ ತಿರುಗೋದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು; ಅಂದರೆ 200 ಲೀಟರಿನ 45 ಡ್ರಮ್ಮು. ಬಳ್ಳಾರಿಗೆ ಹೋಗಿ ಬರುವುದಕ್ಕೆ ಎಷ್ಟು ಡ್ರಮ್ಮಾಯಿತೆಂದು ನೀವೇ ಎಣಿಸಿ. ಆ ಗಾಳಿಯ ಜತೆ ಬರುವ ದಪ್ಪ ಉಸುಕನ್ನು ಯಾವ ಫಿಲ್ಟರಾದರೂ ತಡೆಯುತ್ತದೆ. ಇಂಜಿನ್ ತಿನ್ನುವುದು ಕಣ್ಣಿಗೆ ಕಾಣದ ಸಣ್ಣ ಧೂಳು, 5ರಿಂದ 20 ಮೈಕ್ರಾನಿನದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಈ ಧೂಳು ಆಯಿಲಿನಲ್ಲಿ ಬೆರೆತು ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವೆ ಸಾಣೆಕಲ್ಲಿನಂತೆ ಕೆಲಸ ಮಾಡುತ್ತದೆ.

ಕಂಪನಿಯ ಫಿಲ್ಟರ್ ತೆಗೆದು ಬೇರೆಯದು ಹಾಕೋಣ ಅಂತ ಹೊರಟರೆ ಅಂಗಡಿಯಲ್ಲಿ ಮಡಿಕೆ ಮಡಿಕೆಯ ಕಾಗದದ್ದು, ಎಣ್ಣೆ ಹಚ್ಚಿದ ಹತ್ತಿ ಜಾಳಿಗೆಯದ್ದು, ಸ್ಪಂಜಿನದ್ದು ಎಲ್ಲಾ ತೋರಿಸುತ್ತಾರೆ. ಹತ್ತಿಯದ್ದಕ್ಕೆ ಹೆಸರು ದೊಡ್ಡದು. ಅದನ್ನು ಮನೆಮಾತು ಮಾಡಿದ ಕೆ ಅಂಡ್ ಎನ್ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು, ಮೋಟಾರ್ ಸೈಕಲ್ ರೇಸಿನವರ ಕೈಯಲ್ಲಿ. ರೇಸಿನವನಿಗೆ ಗಾಳಿ ಸಲೀಸಾಗಿ ನುಗ್ಗಬೇಕು, ಇಂಜಿನ್ನನ್ನು ಆಗಾಗ ಬಿಚ್ಚುವುದು ಅವನಿಗೆ ಮಾಮೂಲು. ನಮಗೆ ಹತ್ತು ಹದಿನೈದು ವರ್ಷ ಬಿಚ್ಚದೆ ಓಡಬೇಕು. ಅವನ ಅಗತ್ಯವೇ ಬೇರೆ, ನಮ್ಮದೇ ಬೇರೆ.

‘ಇದನ್ನ ಹಾಕಿ ಸಾರ್, ಮೈಲೇಜ್ ಬರ್ತದೆ’ ಅನ್ನುವ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ಬೇಕೆಂದೇ ಫಿಲ್ಟರ್ ಕಟ್ಟಿಸಿ ಕಾರು ಓಡಿಸಿ ನೋಡಿದರು. ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಪಿಕಪ್ ಕುಗ್ಗಿತೇ ಹೊರತು ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಕಟ್ಟಿಕೊಂಡ ಫಿಲ್ಟರಿನಿಂದಲೇ ಇಳಿಯದ ಮೈಲೇಜ್, ಜಾಳಾದ ಫಿಲ್ಟರ್ ಹಾಕಿದರೆ ಏರುವುದೆಲ್ಲಿಂದ?

ನಮ್ಮ ಕಡೆಯ ಒಬ್ಬ ಶೇಂಗಾ ವ್ಯಾಪಾರಿ ಸೆಕೆಂಡ್ ಹ್ಯಾಂಡ್ ಕಾರು ತಂದರು. ಹಿಂದಿನ ಮಾಲೀಕ ಫಿಲ್ಟರಿನ ಡಬ್ಬಿಯನ್ನೇ ಕಿತ್ತು ಕೋನ್ ಆಕಾರದ ಬಯಲು ಫಿಲ್ಟರ್ ಕೂರಿಸಿದ್ದ. ಹುಲಿಯಂಗೆ ಗುರ್ ಅನ್ನುತ್ತಿತ್ತು, ಹುಡುಗರಿಗೆ ಖುಷಿ. ಡಬ್ಬಿ ಹೋದರೆ ಇಂಜಿನ್ನಿನ ಬಿಸಿ ಗಾಳಿಯೇ ಒಳಕ್ಕೆ ಹೋಗುತ್ತದೆ. ಬಿಸಿ ಗಾಳಿ ತೆಳು, ಶಕ್ತಿಯೂ ಕಮ್ಮಿ. ಅದು ಹಾಳಾಗಲಿ, ಎರಡು ಆಷಾಢ ಕಳೆಯುವಷ್ಟರಲ್ಲಿ ನೀಲಿ ಹೊಗೆ, ಆಯಿಲ್ ಸುರಿದಷ್ಟೂ ಮಾಯ. ಮೇಸ್ತ್ರಿ ಬಿಚ್ಚಿ ನೋಡಿದರೆ ಸಿಲಿಂಡರಿನ ಗೋಡೆಯ ತುಂಬ ಉದ್ದುದ್ದ ಗೀರು, ಪೈಪಿನೊಳಗೆ ಬೆರಳಾಡಿಸಿದರೆ ಕುಂಕುಮದಂಥ ಮಣ್ಣು. ಬೋರ್ ಮಾಡಿಸಿ ರಿಂಗು ಪಿಸ್ಟನ್ ಹಾಕಿಸುವಷ್ಟರಲ್ಲಿ ಆ ವರ್ಷದ ಲಾಭ ಅಲ್ಲೇ ಹೋಯಿತು.

ಹತ್ತಿಯ ಫಿಲ್ಟರ್ ಕೆಟ್ಟದ್ದು ಅಂತಲ್ಲ. ಹಳೇ ಟ್ರ್ಯಾಕ್ಟರಿನ ಎಣ್ಣೆ ಬಟ್ಟಲಿನ ಫಿಲ್ಟರ್ ನೋಡಿಕೊಂಡವರಿಗೆ ಅದರ ಚಾಕರಿ ಗೊತ್ತು. ತೊಳೆಯಬೇಕು, ನೆರಳಲ್ಲಿ ಒಣಗಿಸಬೇಕು, ಹದವಾಗಿ ಎಣ್ಣೆ ಹಚ್ಚಬೇಕು. ಎಣ್ಣೆ ಕಮ್ಮಿಯಾದರೆ ಧೂಳು ಸೋಸುವುದಿಲ್ಲ. ಜಾಸ್ತಿಯಾದರೆ ಈಗಿನ ಗಾಡಿಗಳ ಗಾಳಿ ಅಳೆಯುವ ಸೆನ್ಸರಿಗೆ ಮೆತ್ತಿಕೊಳ್ಳುತ್ತದೆ.

ಹಾಗಾಗಿ ನನ್ನ ಮತ ಒಳ್ಳೆ ಕಾಗದದ ಫಿಲ್ಟರಿಗೇ. ಅದರಲ್ಲೂ ಕೇಳಬೇಕಾದ ಒಂದು ಅಂಕಿ ಇದೆ. ಐಎಸ್ಓ 5011 ಅನ್ನುವ ಪರೀಕ್ಷೆಯಲ್ಲಿ ನೂರು ಪಾಲು ಧೂಳು ಬಿಟ್ಟು ಫಿಲ್ಟರ್ ಎಷ್ಟು ಹಿಡಿಯಿತು ಅಂತ ತೂಗುತ್ತಾರೆ. ಒಂದು 98 ಹಿಡಿಯಿತು, ಇನ್ನೊಂದು 99.5 ಅನ್ನೋಣ. ಒಂದೂವರೆಯ ಫರಕು ಏನು ಮಹಾ ಅನ್ನಿಸುತ್ತದೆ. ಆದರೆ ಒಳಗೆ ಹೋದದ್ದನ್ನು ನೋಡಿ: ಮೊದಲನೆಯದರಲ್ಲಿ ಎರಡು, ಎರಡನೆಯದರಲ್ಲಿ ಅರ್ಧ. ನಾಲ್ಕು ಪಟ್ಟು! ದಲಾಲಿ ಲೆಕ್ಕ ಬಲ್ಲ ನಮ್ಮ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಹಳ ಡಬ್ಬಿಗಳ ಮೇಲೆ ಈ ಅಂಕಿ ಇರುವುದಿಲ್ಲ, ಆಗ ನಂಬಿಕಸ್ಥ ತಯಾರಕರ ಮಾಲನ್ನು ಬಿಲ್ ಸಮೇತ ತಗೊಳ್ಳಿ. ಹಳೆಯದನ್ನು ಪಕ್ಕದಲ್ಲಿಟ್ಟು ಮಡಿಕೆ ಎಣಿಸಿ. ನಕಲಿಯಲ್ಲಿ ಮಡಿಕೆ ಕಮ್ಮಿ, ಅಂತರ ಸೊಟ್ಟ, ಅಂಚಿನ ರಬ್ಬರ್ ಗಡಸು. ಬಲ್ಬಿಗೆ ಹಿಡಿದರೆ ಸೂಜಿ ತೂತೂ ಬೆಳಕಾಗಿ ಕಾಣುತ್ತದೆ.

ಇನ್ನೊಂದು ಮಾತು. ಕಾಗದದ ಫಿಲ್ಟರಿನ ಮೇಲೆ ಕೂತ ತೆಳು ಧೂಳೇ ಮುಂದಿನ ಧೂಳನ್ನು ತಡೆಯುತ್ತದೆ. ವಾರವಾರವೂ ತೆಗೆದು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿದರೆ ಕಾಗದ ಹರಿಯುತ್ತದೆ. ಊದಲೇಬೇಕಾದರೆ ಒಳಗಿನಿಂದ ಹೊರಕ್ಕೆ, 30 ಪೌಂಡಿಗೆ ಮೀರದಂತೆ, ದೂರದಿಂದ. ಕಾರಿನ ಪುಸ್ತಕದಲ್ಲಿ 40,000 ಕಿ.ಮೀ. ಅಂತ ಬರೆದಿದ್ದರೂ ಕಚ್ಚಾ ದಾರಿ, ಶೇಂಗಾ ಒಕ್ಕುವ ಕಣ ಸುತ್ತುವ ಗಾಡಿಗೆ ಅದರರ್ಧಕ್ಕೇ ಬದಲಾಯಿಸುವುದು ಲೇಸು.

ಹೊಸದು ಹಾಕಿಸಿ ಸಾವಿರ ಕಿ.ಮೀ. ಓಡಿಸಿದ ಮೇಲೆ ಇಂಜಿನ್ ಆರಿಸಿ, ಫಿಲ್ಟರಿನಿಂದ ಮುಂದಕ್ಕೆ ಹೋಗುವ ಪೈಪು ಬಿಚ್ಚಿಸಿ ಒಳಗೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಕೆಂಪಗೆ ಬಂದರೆ ಮೊದಲು ರಬ್ಬರ್ ಅಂಚು, ಆಮೇಲೆ ಡಬ್ಬಿಯ ಕ್ಲಿಪ್ಪು, ಆಮೇಲೆ ಪೈಪಿನ ಬಿರುಕು ಹುಡುಕಿ.