ಎಂಜಿನ್ನು ಎಣ್ಣೆ ಕುಡಿಯುವುದೇಕೆ?

ಹೊಸ ಪಿಸ್ಟನ್, ಹೊಸ ರಿಂಗು ಹಾಕಿಸಿದ ಮೇಲೂ ನಿಮ್ಮ ಟ್ರಾಕ್ಟರು ನೀಲಿ ಹೊಗೆ ಉಗುಳುತ್ತಿದೆಯೇ? ವಾಲ್ವ್ ಗೈಡು ಸವೆದಿಲ್ಲವೆಂದಾದರೆ, ಸಿಲಿಂಡರು ದುಂಡಗಿದೆಯೇ ಎಂದು ಪರೀಕ್ಷಿಸಿರಿ.

ಸಿಲಿಂಡರು ಎರಕದ ಕಬ್ಬಿಣದ್ದಾದರೂ ಹೆಡ್ ಬೋಲ್ಟುಗಳನ್ನು ಬಿಗಿದಾಗ ಅದರ ಮೇಲ್ಭಾಗ ತುಸು ಸೊಟ್ಟಗಾಗುತ್ತದೆ. ಸುತ್ತ ನಾಲ್ಕು ಬೋಲ್ಟುಗಳಿದ್ದರೆ ನಾಲ್ಕು ಕಡೆ ಉಬ್ಬುತಗ್ಗು ಮೂಡುತ್ತದೆ. ಇದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು, ಕಣ್ಣಿಗೆ ಕಾಣದು. ಸಿಲಿಂಡರು ಸ್ವಲ್ಪ ಅಂಡಾಕಾರವಾದರೆ ರಿಂಗು ಬಾಗಿ ಹೊಂದಿಕೊಳ್ಳುತ್ತದೆ. ನಾಲ್ಕು ತಗ್ಗುಗಳಿದ್ದರೆ ಹಾಗೆ ಬಾಗಲಾರದು. ಆ ಸಂದಿಯಲ್ಲಿ ಉಳಿದ ಎಣ್ಣೆ ಮೇಲೇರಿ ಉರಿದುಹೋಗುತ್ತದೆ.

ಬಿಡಿಯಾಗಿಟ್ಟ ಬ್ಲಾಕನ್ನು ಎಷ್ಟೇ ದುಂಡಗೆ ಕೊರೆದರೂ ಹೆಡ್ ಬಿಗಿದೊಡನೆ ಆಕಾರ ಕೆಡಬಹುದು. ಆದ್ದರಿಂದ ಬ್ಲಾಕಿನಲ್ಲೇ ಬೋರಿಂಗ್ ಮಾಡುವ ಎಂಜಿನ್ನಿಗೆ, ಹೆಡ್ಡಿನ ಬದಲು ದಪ್ಪ ಉಕ್ಕಿನ ಟಾರ್ಕ್ ಪ್ಲೇಟನ್ನು ಅಷ್ಟೇ ಬಿಗಿತದಲ್ಲಿ ಕೂರಿಸಿ ಹೋನಿಂಗ್ ಮಾಡುವುದು ಉತ್ತಮ ವಿಧಾನ. ಹೋನಿಂಗ್ ಕಲ್ಲು ಮೂಡಿಸುವ ಅಡ್ಡಗೆರೆಗಳು ಬೇಕಾದಷ್ಟೇ ಎಣ್ಣೆಯನ್ನು ಹಿಡಿದಿಡುತ್ತವೆ. ಗೋಡೆ ಕನ್ನಡಿಯಂತೆ ನುಣುಪಾಗಬಾರದು.

ಗಮನಿಸಬೇಕಾದ ಅಂಶಗಳು:

1. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಡಯಲ್ ಗೇಜಿನಿಂದ ಅಳೆಯಿಸಿರಿ.

2. ಲೈನರ್ ಬದಲಿಸುವಾಗ ಅದು ಕೂರುವ ಜಾಗದ ತುಕ್ಕು, ಕೊಳೆ ತೆಗೆಸಿರಿ. ರಬ್ಬರ್ ರಿಂಗು ತಿರುಚಿಕೊಂಡರೂ ಲೈನರ್ ಸೊಟ್ಟಗಾಗುತ್ತದೆ.

3. ಬೋಲ್ಟುಗಳನ್ನು ಕೈಪಿಡಿಯ ಕ್ರಮದಲ್ಲಿ, ಹಂತಹಂತವಾಗಿ ಟಾರ್ಕ್ ರೆಂಚಿನಿಂದಲೇ ಬಿಗಿಸಿರಿ.

4. ರೇಡಿಯೇಟರಿನ ಹೊಟ್ಟು, ಮಣ್ಣು ತೆಗೆಯುತ್ತಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ.

ತುಂಬಿದ ಎಣ್ಣೆಯನ್ನೂ ಓಡಿದ ಗಂಟೆಗಳನ್ನೂ ಬರೆದಿಡಿರಿ. ಖರ್ಚು ಏರುತ್ತಿದ್ದರೆ ಬಿತ್ತನೆಗೆ ಮೊದಲೇ ರಿಪೇರಿ ಮಾಡಿಸಿಕೊಳ್ಳಬಹುದು.