ಹಾಸ್ಪಿಸ್‌ಗೆ ಸರಿಯಾದ ಹೊತ್ತು ಯಾವುದು?

ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತುವವರಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟವರೂ ಇರುತ್ತಾರೆ. ಕಂಪ್ಲಿಯ ಭತ್ತದ ಗದ್ದೆಯವರು, ಸಂಡೂರಿನ ಗಣಿ ಊರುಗಳವರು, ಹಂಪಿಯ ಸುತ್ತಿನ ಬಾಳೆ ತೋಟದವರು. ಕೀಮೋ ಆಗುತ್ತದೆ, ಕರೆಂಟು (ವಿಕಿರಣ ಚಿಕಿತ್ಸೆ) ಕೊಡಿಸಿದ್ದಾಗುತ್ತದೆ. ಒಂದು ದಿನ ವೈದ್ಯರು, "ಇನ್ನು ಮನೆಗೆ ಕರ್ಕೊಂಡು ಹೋಗಿ" ಅನ್ನುತ್ತಾರೆ. "ಡಾಕ್ಟ್ರು ಕೈಬಿಟ್ರು" ಎಂದು ಮನೆಯವರು ಮರಳುತ್ತಾರೆ. ಆ ಮಾತಿನ ಆಚೆಗೂ ವೈದ್ಯರು ಮಾಡಬೇಕಾದ ಕೆಲಸ ಬಹಳವಿದೆ, ಅದನ್ನು ಇನ್ನೂ ಮೊದಲೇ ಶುರುಮಾಡಬೇಕು ಎಂಬುದು ಜಗತ್ತಿಗೆ ಗೊತ್ತಾಗಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಮೊದಲ ಹೆಜ್ಜೆ ಲಂಡನ್ನಿನದು. ಸಿಸಿಲಿ ಸಾಂಡರ್ಸ್ ನರ್ಸ್ ಆಗಿದ್ದವರು, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿದ್ದವರು. ಸಾಯುವವರ ನೋವಿಗೆ ದಾರಿ ಹುಡುಕಲೆಂದೇ ಮತ್ತೆ ಓದಿ 1957ರಲ್ಲಿ ವೈದ್ಯೆಯಾದರು. ಮರುವರ್ಷ, ವಾಸಿಯಾಗದ ರೋಗಿಗಳ ಕೊನೆಗಾಲವನ್ನು ನೋಡಿಕೊಳ್ಳುವ ಹಾಸ್ಪಿಸ್‌ಗಳಲ್ಲೊಂದಾದ ಹ್ಯಾಕ್ನಿಯ ಸೇಂಟ್ ಜೋಸೆಫ್ಸ್ ಸೇರಿದರು. ನೋವು ತಡೆಯಲಾಗದೆ ರೋಗಿ ಬೇಡಿದಾಗ ಮಾತ್ರ ಮಾರ್ಫಿನ್ ಕೊಡುವುದು ಆಗಿನ ರೂಢಿ. ಅಭ್ಯಾಸವಾಗಿಬಿಡುತ್ತದೆ ಎಂಬ ಭಯ ಅದರ ಹಿಂದಿತ್ತು. ಸಾಂಡರ್ಸ್ ಗಡಿಯಾರ ನೋಡಿ, ನೋವು ತಲೆಯೆತ್ತುವ ಮೊದಲೇ ಬಾಯಿಯ ಮೂಲಕ ಔಷಧ ಕೊಟ್ಟರು. ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಬರೆದಿಟ್ಟರು. ನೋವು ಹಿಡಿತಕ್ಕೆ ಬಂತು. ರೋಗಿಗಳು ಮಂಪರಿನಲ್ಲಿ ಮುಳುಗದೆ ಮನೆಯವರೊಡನೆ ಮಾತಾಡಿದರು. ದೇಹದ ನೋವಿನ ಜೊತೆಗೆ ಭಯ, ಸಾಲ, ಮಕ್ಕಳ ಚಿಂತೆ, ದೇವರೊಂದಿಗಿನ ಜಗಳ ಎಲ್ಲವೂ ಸೇರಿ ಒಂದೇ ನೋವಾಗುತ್ತದೆ ಎಂದೂ ಅವರು ಕಂಡುಕೊಂಡರು. 1967ರಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪಿಸ್ ತೆರೆದರು.

ಹೇಗೆ ನೋಡಿಕೊಳ್ಳಬೇಕೆಂಬುದು ತಿಳಿಯಿತು. ಯಾವಾಗಿನಿಂದ ಎಂಬ ಪ್ರಶ್ನೆ ಉಳಿಯಿತು. ಅಮೆರಿಕ 1982ರಲ್ಲಿ ಕಾನೂನು ಮಾಡಿ, ಆರು ತಿಂಗಳು ಅಥವಾ ಅದಕ್ಕೂ ಕಡಿಮೆ ಆಯಸ್ಸು ಉಳಿದಿದೆ ಎಂದು ವೈದ್ಯರು ಬರೆದುಕೊಟ್ಟರೆ ಮುಖ್ಯವಾಗಿ ಹಿರಿಯ ನಾಗರಿಕರ ಹಾಸ್ಪಿಸ್ ಖರ್ಚನ್ನು ಸರ್ಕಾರ ಭರಿಸುವುದೆಂದಿತು. ಆದರೆ ಆರು ತಿಂಗಳನ್ನು ಅಳೆಯುವುದು ಹೇಗೆ? ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲಾಮಂಟ್ ಷಿಕಾಗೋದ ಐದು ಹಾಸ್ಪಿಸ್‌ಗಳ 468 ರೋಗಿಗಳ ಬಗ್ಗೆ ಅವರ ವೈದ್ಯರ ಅಂದಾಜು ಕೇಳಿ, ಕಾದು ನೋಡಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ ಕಣ್ಣು ತೆರೆಸುವಂಥದ್ದು. ಸರಿಯಾದದ್ದು ಶೇ. 20ರಷ್ಟು ಅಂದಾಜು ಮಾತ್ರ. ಶೇ. 63ರಷ್ಟರಲ್ಲಿ ವೈದ್ಯರು ಹೆಚ್ಚು ದಿನ ಹೇಳಿದ್ದರು. ವೈದ್ಯರಿಗೂ ಆಸೆ ಇರುತ್ತದೆ. ಅದಕ್ಕೇ ಹಾಸ್ಪಿಸ್‌ಗೆ ಕಳಿಸುವುದು ತಡವಾಗುತ್ತದೆ.

ಮುಂದಿನ ಹೆಜ್ಜೆಯನ್ನಿಟ್ಟವರು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಜೆನಿಫರ್ ಟೆಮೆಲ್. ಆಯಸ್ಸು ಲೆಕ್ಕ ಹಾಕುತ್ತ ಕೂರುವ ಬದಲು, ದೇಹದ ಬೇರೆಡೆಗೂ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾದ ಹೊಸತರಲ್ಲೇ ನೋವು, ಸಂಕಟಗಳನ್ನು ತಗ್ಗಿಸುವ ಉಪಶಮನ ಆರೈಕೆ ಕೊಟ್ಟರೆ ಏನಾಗುತ್ತದೆಂದು ಪರೀಕ್ಷಿಸಿದರು. 151 ರೋಗಿಗಳು, ಎಲ್ಲರಿಗೂ ಕ್ಯಾನ್ಸರ್ ಚಿಕಿತ್ಸೆ, ಅರ್ಧದಷ್ಟು ಜನರಿಗೆ ಜೊತೆಜೊತೆಗೇ ಉಪಶಮನ ಆರೈಕೆ. 2010ರಲ್ಲಿ ಫಲಿತಾಂಶ ಹೊರಬಿತ್ತು. ಆರೈಕೆ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು, ಬದುಕು ಹೆಚ್ಚು ಸಹ್ಯವಾಗಿತ್ತು, ಕೊನೆಗಾಲದಲ್ಲಿ ದೇಹವನ್ನು ಹಣ್ಣು ಮಾಡುವ ಚಿಕಿತ್ಸೆ ಪಡೆದವರೂ ಕಡಿಮೆ. ಆದರೂ ಬದುಕಿದ ಕಾಲದ ಮಧ್ಯಾಂಕ ಅವರಲ್ಲಿ 11.6 ತಿಂಗಳು, ಉಳಿದವರಲ್ಲಿ 8.9 ತಿಂಗಳು. ಆಯಸ್ಸು ಹೆಚ್ಚಿದ್ದು ಮುಂದಿನ ಎಲ್ಲ ಅಧ್ಯಯನಗಳಲ್ಲಿ ಕಾಣಲಿಲ್ಲ. ಬದುಕು ಹಗುರಾದದ್ದು ಮಾತ್ರ ಮತ್ತೆ ಮತ್ತೆ ಕಂಡಿತು. ನೋವು ತಗ್ಗಿಸಿದರೆ ರೋಗಿ ಬೇಗ ಹೋಗುತ್ತಾರೆ ಎಂಬ ಭಯಕ್ಕೆ ಇಲ್ಲಿ ಆಧಾರ ಸಿಗಲಿಲ್ಲ.

ನಮ್ಮ ನಾಡಿನಲ್ಲಿ ಇಂಥ ಆರೈಕೆಗೆ ಮನೆ ಕಟ್ಟಿಕೊಟ್ಟದ್ದು ಬೆಂಗಳೂರು ಹಾಸ್ಪಿಸ್ ಟ್ರಸ್ಟ್. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಟ್ರಸ್ಟ್ ಕಟ್ಟಿದವು. ಮುಂದೆ ನಿಂತವರು ಕಿಶೋರ್ ರಾವ್. ಮೊದಲು ರೋಗಿಗಳ ಮನೆಗೇ ಹೋದರು, 1999ರಲ್ಲಿ ಮಾರತ್ತಹಳ್ಳಿಯ ಬಳಿ ಕರುಣಾಶ್ರಯ ಎಂಬ ಹಾಸ್ಪಿಸ್ ತೆರೆದರು. ಅಲ್ಲಿ ರೋಗಿಗಳಿಂದ ಹಣ ಪಡೆಯುವುದಿಲ್ಲ. ಮಾರ್ಫಿನ್‌ಗೆ 1985ರ ಮಾದಕವಸ್ತು ಕಾನೂನು ಒಡ್ಡಿದ್ದ ಅಡ್ಡಿಯನ್ನೂ ಸಂಸತ್ತು 2014ರ ತಿದ್ದುಪಡಿಯಲ್ಲಿ ಸಡಿಲಿಸಿದೆ. ಮಾನ್ಯತೆ ಪಡೆದ ಆಸ್ಪತ್ರೆ ಈಗ ಹಲವು ಪರವಾನಗಿಗಳಿಗೆ ಅಲೆಯದೆ ಅದನ್ನು ಇಟ್ಟುಕೊಳ್ಳಬಹುದು.

ಹಾಗಾದರೆ ಸರಿಯಾದ ಹೊತ್ತು? ಕ್ಯಾನ್ಸರ್ ದೂರದ ಅಂಗಗಳಿಗೆ ಹರಡಿದೆ ಎಂದು ತಿಳಿದಾಗಲೇ ಉಪಶಮನ ಆರೈಕೆ ಶುರುವಾಗಬೇಕು. ಅದಕ್ಕಾಗಿ ಕೀಮೋ ಬಿಡಬೇಕಿಲ್ಲ. ಹಾಸ್ಪಿಸ್‌ನ ಹೊತ್ತನ್ನು ರೋಗಿಯ ದಿನಚರಿಯೇ ತಿಳಿಸುತ್ತದೆ. ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆಯುವುದು, ಊಟ ಸೇರದೆ ತೂಕ ಇಳಿಯುವುದು, ಪದೇಪದೇ ಆಸ್ಪತ್ರೆ ಸೇರುವುದು, ಚಿಕಿತ್ಸೆ ಬದಲಿಸಿದರೂ ಗಡ್ಡೆ ಬೆಳೆಯುವುದು, "ಸಾಕು, ಮನೆಗೆ ಹೋಗೋಣ" ಎಂದು ರೋಗಿಯೇ ಹೇಳುವುದು. ಇವು ಸೇರತೊಡಗಿದರೆ ಕೊನೆಯ ವಾರಕ್ಕೆ ಕಾಯಬಾರದು. ತಿಂಗಳುಗಳಿದ್ದಾಗ ಹಾಸ್ಪಿಸ್ ತಂಡ ನೋವು, ಉಬ್ಬಸ, ಹುಣ್ಣಿನ ವಾಸನೆಯನ್ನು ಹತೋಟಿಗೆ ತರಬಲ್ಲದು, ಆರೈಕೆಯನ್ನು ಮನೆಯವರಿಗೆ ಕಲಿಸಬಲ್ಲದು. ಎರಡೇ ದಿನ ಉಳಿದಾಗ ಆ ತಂಡಕ್ಕೂ ಹೆಚ್ಚೇನೂ ಮಾಡಲಾಗದು.

ಹೊಸಪೇಟೆ, ಸಂಡೂರು, ಕಂಪ್ಲಿಯ ಮನೆಗಳಿಗೆ ಒಂದು ಬಿನ್ನಹ. ರಿಪೋರ್ಟಿನಲ್ಲಿ ನಾಲ್ಕನೇ ಹಂತ, ಅಂದರೆ ದೂರದ ಅಂಗಗಳಿಗೆ ಹರಡಿದೆ ಎಂದಿದ್ದರೆ, ಬೆಂಗಳೂರಿನ ವೈದ್ಯರನ್ನು ಅಂದೇ ಮೂರು ಮಾತು ಕೇಳಿ: ಈ ಚಿಕಿತ್ಸೆ ವಾಸಿ ಮಾಡಲೋ, ಹಿಡಿದಿಡಲೋ? ನೋವಿನ ಔಷಧ ನಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ? ಊರಿಗೆ ಮರಳಿದ ಮೇಲೆ ರಾತ್ರಿ ನೋವು ಬಂದರೆ ಯಾರಿಗೆ ಫೋನ್ ಮಾಡಬೇಕು? ರೋಗಿಗೆ ಏನು ಬೇಕೆಂದು ರೋಗಿಯನ್ನೂ ಕೇಳಿ. ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಮಾರ್ಫಿನ್ ಮಾತ್ರೆ ಮತ್ತು ಅದನ್ನು ಕೊಡಬಲ್ಲ ತರಬೇತಾದ ವೈದ್ಯರು ಇರಲೇಬೇಕು. ಇದನ್ನು ದಯೆ ಎಂದು ಬೇಡಬೇಡಿ, ಹಕ್ಕೆಂದು ಕೇಳಿ.